ನಮ್ಮಪ್ಪನ್ನ ‘ಓದೋಕೆ ಬರಲ್ವಾ’ ಅಂದವರು ಉತ್ತರ ಕೊಡ್ಲಿ

ಮೈಯೆಲ್ಲಾ ಉರೀತಿದೆ ಕಣ್ರೀ. ಬಿ.ಎಚ್. ರೋಡಿಂದ ಮನೆ ತಲುಪೋವರೆಗೂ ಅಪ್ಪ ತುಟಿ ಬಿಚ್ಚಲಿಲ್ಲ.

ಟ್ಯಾಂಕ್ ಒಡೆದು ಮನೆಯೆಲ್ಲಾ ನೀರಾಗಿದ್ದು, ಸೀಲಿಂಗ್ ಗಾರೆ ಕಿತ್ಕೊಂಡು ಬಿದ್ದಿದ್ದು, ವೈರಿಂಗ್ ಹೋಗಿದ್ದು, ಅದೆಲ್ಲಾ ತಡ್ಕೋತೀನಿ. ಇವತ್ತು ಆ ಇನ್ಶೂರೆನ್ಸ್ ಆಫೀಸಿನ ಕೌಂಟರಲ್ಲಿ ಆಗಿದ್ದನ್ನ ತಡ್ಕೊಳೋಕಾಗ್ತಿಲ್ಲ.

ಅಪ್ಪ ಕೇಳಿದ್ದು ಇಷ್ಟೇ. “ಸಾರ್, ರಿಪೇರಿಗೆ 2 ಲಕ್ಷ ಆಗುತ್ತೆ ಅಂತ ನಷ್ಟ ನೋಡೋಕೆ ಬಂದಿದ್ದ ನಿಮ್ಮ ಸರ್ವೇಯರೇ ಒಪ್ಪಿದ್ದಾರೆ. ನೀವು ಒಂದೇ ಲಕ್ಷ ಹಾಕಿದ್ದೀರಲ್ಲ?” ಕೌಂಟರಲ್ಲಿದ್ದ ಮನುಷ್ಯ ಕಂಪ್ಯೂಟರಿಂದ ಕಣ್ಣೇ ತೆಗೀಲಿಲ್ಲ. “ಮನೆ 30 ಲಕ್ಷದ್ದು, ಇನ್ಶೂರ್ ಮಾಡ್ಸಿರೋದು 15ಕ್ಕೆ. ಅಂಡರ್ ಇನ್ಶೂರೆನ್ಸ್. ಆವರೇಜ್ ಕ್ಲಾಸ್ ಪ್ರಕಾರ ಅರ್ಧ.” ಅಂದ್ರೆ ಮನೆ ಬೆಲೆಯಲ್ಲಿ ಎಷ್ಟು ಪಾಲಿಗೆ ಇನ್ಶೂರೆನ್ಸ್ ಇದೆಯೋ, ನಷ್ಟದಲ್ಲೂ ಅಷ್ಟೇ ಪಾಲು ಕೊಡೋದಂತೆ. ಅಪ್ಪನಿಗೆ ತಿಳೀಲಿಲ್ಲ, ಇನ್ನೊಂದ್ಸಲ ಕೇಳಿದ್ರು. ಆ ಮನುಷ್ಯ ಪಾಲಿಸಿ, ಫೋಟೋ, ಬಿಲ್ಲು ಎಲ್ಲಾ ಒಟ್ಟಿಗೆ ಈಚೆಗೆ ತಳ್ಳಿ, ಸಾಲಲ್ಲಿ ನಿಂತಿದ್ದವರಿಗೆಲ್ಲಾ ಕೇಳೋ ಹಾಗೆ, “ಯಜಮಾನ್ರೇ, ಓದೋಕೆ ಬರಲ್ವಾ ನಿಮಗೆ? ಸೈನ್ ಹಾಕೋವಾಗ ಕಣ್ಣು ಎಲ್ಲಿತ್ತು?”

ಫೋಟೋಗಳು ಕೆಳಗೆ ಬಿದ್ವು. ಅಪ್ಪ ಬಗ್ಗಿ ಆರಿಸ್ಕೊಂಡ್ರು. ಹಿಂದಿಂದ ಯಾರೋ “ಬೇಗ ಮುಗಿಸ್ರಪ್ಪಾ” ಅಂದ್ರು. ಅಪ್ಪ ಎದ್ದು ನಿಂತು, “ತಪ್ಪಾಯ್ತು ಸಾರ್” ಅಂದ್ರು. ಏನು ತಪ್ಪಾಗಿದ್ದು? ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಜೀವಮಾನವೆಲ್ಲಾ ಲೆಕ್ಕ ಬರೆದ ಮನುಷ್ಯ. ಒಂದು ಪೈಸೆ ಹೆಚ್ಚುಕಮ್ಮಿ ಆದ್ರೆ ರಾತ್ರಿ ನಿದ್ದೆ ಮಾಡ್ತಿರಲಿಲ್ಲ. ಅವರು ಆ ಗಾಜಿನ ಮುಂದೆ ನಿಂತು ತಪ್ಪಾಯ್ತು ಅನ್ನಬೇಕಾ?

ಹೊಟ್ಟೆ ಉರಿಯೋದು ಏನಕ್ಕೆ ಅಂದ್ರೆ, ಆ ಮನುಷ್ಯ ಹೇಳಿದ್ದೇ ಸುಳ್ಳು. ನಮ್ಮ ಪಾಲಿಸಿ ಮೇಲೆ ದಪ್ಪಕ್ಷರದಲ್ಲಿ ‘ಭಾರತ್ ಗೃಹ ರಕ್ಷಾ’ ಅಂತಿದೆ. 2021ರ ಏಪ್ರಿಲ್ 1ರಿಂದ ವಿಮಾ ಕಂಪನಿಗಳನ್ನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಎಲ್ಲಾ ಕಂಪನಿಗೂ ಕಡ್ಡಾಯ ಮಾಡಿದ ಪಾಲಿಸಿ ಇದು. ವಿಮೆ ಮೊತ್ತ ಮನೆ ಬೆಲೆಗಿಂತ ಕಮ್ಮಿ ಇದೆ ಅಂತ ಕ್ಲೇಮ್ ಮುರ್ಕೊಳ್ಳೋ ಹಾಗಿಲ್ಲ ಅಂತ ಇದರಲ್ಲೇ ಬರೆದಿದೆ. ಆವರೇಜ್ ಕ್ಲಾಸ್ ಇದಕ್ಕೆ ತಾಗೋದೇ ಇಲ್ಲ. 15 ಲಕ್ಷದ ಒಳಗಿನ ನಷ್ಟ, 2 ಲಕ್ಷ ಆದ್ರೆ 2 ಲಕ್ಷಾನೇ. ಟ್ಯಾಂಕ್ ಒಡೆಯೋದೂ ಕವರ್ ಇದೆ. ಓದೋಕೆ ಬರದಿದ್ದದ್ದು ಯಾರಿಗೆ ಹೇಳಿ?

ಟಿವಿ, ಮಂಚ, ಬೀರುಲಿದ್ದ ಅಮ್ಮನ ರೇಷ್ಮೆ ಸೀರೆಗಳಿಗೆ ಒಂದು ರೂಪಾಯೀನೂ ಬರಲ್ಲ. ಅದು ನಿಜ, ಪಾಲಿಸಿ ಬರೀ ಕಟ್ಟಡಕ್ಕೆ. ಸಾಲ ಕೊಟ್ಟ ಬ್ಯಾಂಕಿನವರೇ ಮಾಡಿಸಿ ಪ್ರೀಮಿಯಂ ಸಾಲದಲ್ಲೇ ಹಿಡ್ಕೊಂಡ್ರು. ಸಾಮಾನಿಗೂ ಸೇರ್ಸಿದ್ರೆ ಕಟ್ಟಡದ ಮೊತ್ತದ ಶೇ. 20ರಷ್ಟು, 10 ಲಕ್ಷದವರೆಗೆ, ಪಟ್ಟಿ ಕೊಡದೇನೇ ಕವರ್ ಆಗ್ತಿತ್ತು. ಹೇಳೋಕೆ ಅವರಿಗೆ ಎಷ್ಟೊತ್ತು ಬೇಕಿತ್ತು?

ಹೋಗ್ಲಿ ಬಿಡಿ, ಸಾಲ ತೀರೋವರೆಗೂ ಕ್ಲೇಮ್ ದುಡ್ಡಿನ ಮೇಲೆ ಮೊದಲ ಹಕ್ಕು ಬ್ಯಾಂಕಿಂದೇ, ಅದಕ್ಕೆ ಅಗ್ರೀಡ್ ಬ್ಯಾಂಕ್ ಕ್ಲಾಸ್ ಅಂತೆ. ಅಪ್ಪನೂ “ಬಿಟ್ಬಿಡು ಮಗಾ, ಅವರ ಜೊತೆ ಏನು ಗುದ್ದಾಟ” ಅಂತಿದ್ದಾರೆ. ಗಾರೆ ಕೆಲಸದವರಿಗೆ ಅಡ್ವಾನ್ಸೂ ಕೊಟ್ಟಾಯ್ತು. ಬಿಟ್ಬಿಡೋದೇ ಸರಿ ಅಂತ ನನಗೂ ಅನ್ಸುತ್ತೆ.

ಇಲ್ಲ, ಬಿಡಲ್ಲ. ಒಂದು ಲಕ್ಷಕ್ಕಲ್ಲ, ಆ “ತಪ್ಪಾಯ್ತು”ಗೆ. ಯಾವ ಷರತ್ತಲ್ಲಿ ಅರ್ಧ ಮುರ್ಕೊಂಡ್ರಿ, ಬರೆದುಕೊಡಿ ಅಂದೆ. “ಮೇಲ್ ಬರುತ್ತೆ” ಅಂದ್ರು, ಮೇಲೂ ಇಲ್ಲ, ಮಣ್ಣೂ ಇಲ್ಲ. ಕಂಪನಿಗೆ ಲಿಖಿತ ದೂರು ಈಗ ಕಳಿಸ್ತಿದ್ದೀನಿ. ಒಂದು ತಿಂಗಳು ಉತ್ತರ ಬರದಿದ್ರೆ ಬೆಂಗಳೂರಲ್ಲಿ ಇಂಥ ದೂರು ವಿಚಾರಿಸೋ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ಫೀಸಿಲ್ಲ, ಲಾಯರ್ ಬೇಕಿಲ್ಲ. ತುಮಕೂರು ಕಡೆಯೋರು ಯಾರಾದ್ರೂ ಅಲ್ಲಿಗೆ ಹೋಗಿ ಗೆದ್ದಿದ್ರೆ ದಯವಿಟ್ಟು ಹೇಳಿ, ಅರ್ಜಿ ಕನ್ನಡದಲ್ಲೇ ಕೊಟ್ರಾ? ಸರ್ವೇ ರಿಪೋರ್ಟಿನ ಕಾಪಿ ಹೇಗೆ ತಗೊಂಡ್ರಿ?