ಶಿಕ್ಷೆ ಮುಗಿಸಿದ ಲೈಂಗಿಕ ಅಪರಾಧಿಯ ಮೇಲೆ ಜೀವನಪರ್ಯಂತ ನಿಗಾ ಇರಬೇಕೆ?

ಪರ

ನ್ಯಾಯಾಲಯ ಸೆರೆವಾಸದ ಅವಧಿಯನ್ನು ನಿಗದಿಪಡಿಸುವುದು ಮುಖ್ಯವಾಗಿ ಆಗಿಹೋದ ಅಪರಾಧದ ತೂಕವನ್ನು ನೋಡಿ. ಅಪರಾಧಿ ಹೊರಬಂದ ಮೇಲೆ ಏನು ಮಾಡಿಯಾನು ಎಂಬುದಕ್ಕೆ ಆ ತೀರ್ಪಿನಲ್ಲಿ ಉತ್ತರ ಸಿಗದು. ಹೊರಬಂದ ಅಪರಾಧಿಗಳ ಹೆಸರು, ವಿಳಾಸಗಳನ್ನು ಸರ್ಕಾರದ ಪಟ್ಟಿಯಲ್ಲಿ ದಾಖಲಿಸುವ ನೋಂದಣಿ ಕಾನೂನುಗಳು ಹುಟ್ಟಿಕೊಂಡದ್ದು ಈ ಕೊರತೆಯಿಂದಲೇ. ಅಮೆರಿಕದ 2006ರ ಆ್ಯಡಮ್ ವಾಲ್ಶ್ ಕಾಯ್ದೆ ಅಪರಾಧಿಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಿ, ಮೊದಲನೆಯವರಿಗೆ 15 ವರ್ಷ, ಎರಡನೆಯವರಿಗೆ 25 ವರ್ಷ, ಮೂರನೆಯವರಿಗೆ ಜೀವನಪರ್ಯಂತ ನೋಂದಣಿ ವಿಧಿಸಿತು. ಮೂರನೆಯ ಶ್ರೇಣಿಯವರು ಮೂರು ತಿಂಗಳಿಗೊಮ್ಮೆ ಖುದ್ದಾಗಿ ಹಾಜರಾಗಿ ತಮ್ಮ ವಿವರಗಳನ್ನು ದೃಢಪಡಿಸಬೇಕು. ಅದಕ್ಕೂ ಮೊದಲೇ, 2003ರಲ್ಲಿ, ಅಲಾಸ್ಕ ರಾಜ್ಯದ ನೋಂದಣಿ ಕಾನೂನನ್ನು ಪರಿಶೀಲಿಸಿದ್ದ ಅಮೆರಿಕದ ಸುಪ್ರೀಂ ಕೋರ್ಟ್, ಇದು ಶಿಕ್ಷೆಯಲ್ಲ, ನಾಗರಿಕ ಸ್ವರೂಪದ ನಿಯಂತ್ರಣ ಎಂದು ಎತ್ತಿಹಿಡಿದಿತ್ತು.

ಈ ಭೇದ ವಕೀಲರ ಜಾಣ್ಮೆಯಂತೆ ಕಾಣಬಹುದು. ಆದರೆ ಮಗುವಿನ ಮೇಲೆ ದೌರ್ಜನ್ಯ ಎಸಗಿದವನು ಊರನ್ನೂ ಹೆಸರನ್ನೂ ಬದಲಿಸಿಕೊಂಡು ಮತ್ತೆ ಮಕ್ಕಳ ನಡುವಿನ ಕೆಲಸಕ್ಕೇ ಅರ್ಜಿ ಹಾಕಿದರೆ, ಅದನ್ನು ಪತ್ತೆಹಚ್ಚಲು ಎಲ್ಲಾದರೂ ಒಂದು ಕಡತ ಇರಲೇಬೇಕು. ಅದನ್ನು ಊರಿಗೆಲ್ಲ ತೆರೆದಿಡಬೇಕೆಂದೇನೂ ಇಲ್ಲ: ಭಾರತ 2018ರಲ್ಲಿ ಆರಂಭಿಸಿದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಸಂಚಯ ಕಾನೂನು ಜಾರಿ ಸಂಸ್ಥೆಗಳಿಗೆ ಮಾತ್ರ ಲಭ್ಯ.

ವಿರೋಧ

ಕಡತ ಇರಲಿ, ಆದರೆ ಸಾಯುವವರೆಗೆ ಏಕೆ? ಬ್ರಿಟನ್ನಿನ 2003ರ ಕಾಯ್ದೆಯಂತೆ 30 ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಸೆರೆವಾಸ ಪಡೆದವರು ತಮ್ಮ ವಿಳಾಸ, ಪ್ರಯಾಣಗಳ ವಿವರವನ್ನು ಕೊನೆಯಿಲ್ಲದೆ ಪೊಲೀಸರಿಗೆ ಒಪ್ಪಿಸುತ್ತಲೇ ಇರಬೇಕಿತ್ತು. ಇದನ್ನು ಪ್ರಶ್ನಿಸಿದವರಲ್ಲಿ ಒಬ್ಬ, ಅಪರಾಧ ಎಸಗಿದಾಗ ಕೇವಲ 11 ವರ್ಷದ ಬಾಲಕ. ಅವನು ಎಸಗಿದ್ದು ಘೋರ ಕೃತ್ಯವೇ, ಅದರಲ್ಲಿ ಅನುಮಾನವಿಲ್ಲ. ಆದರೂ ಅವನು ಬದಲಾಗಿದ್ದಾನೆಯೇ ಎಂದು ಕೇಳುವ ಬಾಗಿಲನ್ನೇ ಕಾನೂನು ಮುಚ್ಚಿತ್ತು. ಮರುಪರಿಶೀಲನೆಗೆ ಎಡೆಯಿಲ್ಲದ ಇಂಥ ನಿಗಾ ಖಾಸಗಿ ಬದುಕಿನ ಹಕ್ಕಿಗೆ ಹೊಂದುವುದಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ ಮೇಲೆ, ವಯಸ್ಕರು 15 ವರ್ಷಗಳ ನಂತರ ಈ ನಿಗಾದಿಂದ ಬಿಡುಗಡೆ ಕೋರಿ ಅರ್ಜಿ ಸಲ್ಲಿಸುವ ಅವಕಾಶ ಬಂತು.

ಅಮೆರಿಕದ ಮಯಾಮಿಯ ಅನುಭವ ಇನ್ನೂ ವಿಚಿತ್ರ. ಶಾಲೆಗಳಿಂದ 2,500 ಅಡಿಗಳೊಳಗೆ ವಾಸಿಸಕೂಡದೆಂಬ ನಿಯಮದಿಂದಾಗಿ ಮನೆಯೇ ಸಿಗದೆ, ಬಿಡುಗಡೆಯಾದ ಹಲವರು ವರ್ಷಗಟ್ಟಲೆ ಒಂದು ಸೇತುವೆಯ ಕೆಳಗೆ ಗುಡಾರ ಹೂಡಿದ್ದರು. ವಿಳಾಸ ಕೊಡು ಎನ್ನುವ ಸರ್ಕಾರವೇ ವಿಳಾಸವಿಲ್ಲದಂತೆ ಮಾಡಿತ್ತು.

ಇಷ್ಟಾಗಿಯೂ, ಮಕ್ಕಳಿಗೆ ಹಾನಿ ಮಾಡುವವರು ಬಹುಪಾಲು ಮನೆಯವರು ಅಥವಾ ಪರಿಚಿತರು, ಮತ್ತು ಅವರಲ್ಲಿ ಹೆಚ್ಚಿನವರ ಹೆಸರು ಯಾವ ಪಟ್ಟಿಗೂ ಸೇರಿರುವುದಿಲ್ಲ. ಇತ್ತ ಹೊಸ ಅಪರಾಧವಿಲ್ಲದೆ ವರ್ಷಗಳು ಉರುಳಿದಂತೆ ಅದು ಮರುಕಳಿಸುವ ಸಂಭವ ಇಳಿಯುತ್ತ ಹೋಗುತ್ತದೆ. ಹೀಗಿರುವಾಗ ಇಪ್ಪತ್ತು ವರ್ಷ ಸುಮ್ಮನಿದ್ದ ಮುದುಕನ ಮನೆಗೆ ಅಲೆಯುವ ಪೊಲೀಸರು, ಕಳೆದ ತಿಂಗಳು ಹೊರಬಂದವನತ್ತ ನೋಡಲು ಸಮಯವನ್ನು ಎಲ್ಲಿಂದ ತರಬೇಕು?