ಎಂಡಿ ಕೇಳಿದ್ದು ಒಂದು ಪ್ರಶ್ನೆ, ಸಾಹೇಬರು ತೋರಿಸಿದ್ದು ನನ್ನನ್ನ

"ಸಾರಿ ಸರ್, ಮುಂದಿನ ವರ್ಷ ನೋಡ್ತೀವಿ ಸರ್" ಅಂದೆ. ನಾನೇ ಅಂದೆ. ಊರೂರಿಂದ ಬಂದ ಡೀಲರ್‌ಗಳು ತುಂಬಿದ ಹಾಲ್‌ನಲ್ಲಿ, ಕೈಯಲ್ಲಿ ಶಾಲಿನ ತಟ್ಟೆ ಹಿಡಿದುಕೊಂಡು, ಹಲ್ಲು ಕಿರಿದುಕೊಂಡು ಅಂದೆ. ಈಗ ರಾತ್ರಿ ಒಂದು ಗಂಟೆ ಆಗಿದೆ. ನಿದ್ದೆ ಬರ್ತಿಲ್ಲ. ಯಾಕೆ ಅಂದೆ ಅಂತ ಯಾರಾದರೂ ಹೇಳಿ.

ಮೊದಲಿಂದ ಹೇಳುವಷ್ಟು ತಾಳ್ಮೆ ನನಗಿಲ್ಲ. ನಮ್ಮ ಪಂಪ್‌ಸೆಟ್, ಪೈಪ್ ಕಂಪನಿಯ ಡೀಲರ್ ಮೀಟ್ ಆಯ್ತಲ್ಲ, ರಿಂಗ್ ರೋಡಿನ ಆ ಬ್ಯಾಂಕ್ವೆಟ್ ಹಾಲ್ ನಾನು ಹುಡುಕಿದ್ದಲ್ಲ, ಅಷ್ಟು ಗೊತ್ತಿದ್ದರೆ ಸಾಕು. ನಾನು ಹೇಳಿದ್ದು ಊರೊಳಗಿನ ಹಳೇ ನಾಟಕದ ಥಿಯೇಟರ್. ಯಾವುದು ಅಂತ ಕಲಬುರಗಿಯವರಿಗೆ ಗೊತ್ತಾಗುತ್ತೆ, ಹೆಸರು ಹಾಕಲ್ಲ. ಅದರ ಪಾಡಿಗೆ ಅದು ಇರಲಿ. ಪಂಡಿತ ರಂಗಮಂದಿರ ಅಲ್ಲ. ಅದನ್ನು ಎರಡನೇ ಹೆಸರಾಗಿ ಬರೆದಿದ್ದೆ. ಅದನ್ನು ನೋಡಿ ನಮ್ಮ ಮ್ಯಾನೇಜರ್ ಸಾಹೇಬರು "ಯಾರ್ರೀ ಈ ಪಂಡಿತ? ನಮ್ಮ ಡೀಲರ್ ಏನು?" ಅಂತ ಕೇಳಿದರು. ಎಸ್.ಎಂ. ಪಂಡಿತ ಸರ್. 1916ರಲ್ಲಿ ಇದೇ ಊರಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದು, ದೇವರ ಕ್ಯಾಲೆಂಡರ್ ಬರೆದು ದೇಶಕ್ಕೆಲ್ಲ ಗೊತ್ತಾದವರು. ಇದೆಲ್ಲ ನಾನು ಹೇಳಲಿಲ್ಲ ಬಿಡಿ. "ಅಲ್ಲ ಸರ್, ಚಿತ್ರಕಾರರು" ಅಂದೆ. "ಹಾಂ ಹಾಂ" ಅಂದು ಮುಂದಿನ ಹಾಳೆ ತಿರುವಿದರು.

ನಾನು ಸುಮ್ನೆ ಬಾಯಿಗೆ ಬಂದಿದ್ದು ಹೇಳಿದವಳಲ್ಲ. ಟೇಪ್ ತಗೊಂಡು ಹೋಗಿ ಸ್ಟೇಜ್ ಅಳೆದು ಬಂದಿದ್ದೆ. ಪಂಪ್‌ಸೆಟ್ ಡೆಮೊ ಇಡೋಕೆ ಜಾಗ ಸಾಕಾ, ಹಿಂದಿನ ಬಾಗಿಲಿಂದ ಟಾಟಾ ಏಸ್ ಒಳಗೆ ಬರುತ್ತಾ ಅಂತ ನೋಡಿದ್ದೆ. ಬರುತ್ತೆ. ನಾಟಕದ ಪರದೆ, ಸೀನು, ಪೆಟ್ಟಿಗೆ ಎಲ್ಲ ಗಾಡಿ ಮೇಲೆ ಹೊತ್ತು ತರುತ್ತಿದ್ದ ಕಾಲದ ಬಾಗಿಲು ಅದು. ಎಲ್‌ಇಡಿ ಪರದೆಗೆ ಬೇಕಾಗೋ ಜನರೇಟರನ್ನು ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಬಹುದು, ಸದ್ದು ಒಳಗೆ ಬರಲ್ಲ. ಮುರಿದ ಕುರ್ಚಿಗಳಿಗೆ ಚೀಟಿ ಅಂಟಿಸಿ ಬಂದಿದ್ದೆ. ಟಾಯ್ಲೆಟ್ ಕಮ್ಮಿ, ಅದು ಖರೇ. ಅದಕ್ಕೆ ಮೊಬೈಲ್ ಟಾಯ್ಲೆಟ್ ಬಾಡಿಗೆ ಎಷ್ಟು ಅಂತಾನೂ ಬರೆದಿದ್ದೆ. ಎಷ್ಟು ಜನ ಕಾರ್ಯಕ್ರಮಕ್ಕಿಂತ ಮೊದಲು ಟಾಯ್ಲೆಟ್ ಎಣಿಸ್ತಾರೆ ಹೇಳಿ?

ಧ್ವನಿ ಹೇಗೆ ಕೇಳುತ್ತೆ ಅಂತ ನೋಡಬೇಕಿತ್ತು. ಅಲ್ಲಿನ ಕಾವಲುಗಾರ ಅಜ್ಜನನ್ನು ಕೊನೇ ಸಾಲಿನ ಹಿಂದೆ, ಗೋಡೆಗೆ ಒರಗಿಸಿ ನಿಲ್ಲಿಸಿದೆ. ನಾನು ಸ್ಟೇಜ್ ಮೇಲೆ ನಿಂತು, ಮೈಕ್ ಇಲ್ಲದೆ, ಚೀರದೆ, ನಮ್ಮ ಕಂಪನಿಯ ರೇಟ್ ಲಿಸ್ಟ್ ಓದಿದೆ. ಮೂರು ಎಚ್‌ಪಿ ಇಷ್ಟು, ಐದು ಎಚ್‌ಪಿ ಇಷ್ಟು. ಅಜ್ಜ ಅಲ್ಲಿಂದಲೇ ಹೇಳಿದ: "ಅಕ್ಕಾರ, ಐದು ಎಚ್‌ಪಿದ್ದು ಇಷ್ಟ್ಯಾಕ್ರಿ ತುಟ್ಟಿ?" ಇನ್ನೇನು ಬೇಕು? ಮೈಕ್ ನಂಬದ ಕಾಲದಲ್ಲಿ ಕಟ್ಟಿದ ಜಾಗ. ನೆಲ ಇಳಿಜಾರು, ಯಾರ ತಲೆಯೂ ಯಾರಿಗೂ ಅಡ್ಡ ಬರಲ್ಲ. ಬಾಡಿಗೆ ಆ ಬ್ಯಾಂಕ್ವೆಟ್ ಹಾಲ್‌ನ ಅರ್ಧಕ್ಕಿಂತ ಕಮ್ಮಿ.

ಮೀಟಿಂಗ್‌ನಲ್ಲಿ ಏನಾಯ್ತು? "ಮೇಡಂ, ನಾವು ಡೀಲರ್ ಮೀಟ್ ಮಾಡ್ಲಿಕ್ಕೆ ಹೊಂಟೀವೋ, ನಾಟಕ ಮಾಡ್ಲಿಕ್ಕೆ ಹೊಂಟೀವೋ?" ಅಂದರು ಸಾಹೇಬರು. ಎಲ್ಲರೂ ನಕ್ಕರು. ಅಕೌಂಟ್ಸ್‌ನವರು ಜಾಸ್ತಿ ನಕ್ಕರು. ಆಮೇಲೆ "ಎಸಿ ಅದ ಏನ್ರಿ ಅಲ್ಲಿ?" ಅಂತ ಬಂತು. ಸರ್, ಇದು ಡಿಸೆಂಬರ್. ಮೇ ತಿಂಗಳಲ್ಲಿ ನಮ್ಮೂರಲ್ಲಿ 43 ಡಿಗ್ರಿ ಆಗುತ್ತೆ, ಒಪ್ಪಿದೆ. ಈಗ ಸಂಜೆ ಆರಕ್ಕೆ ನೀವೇ ಸ್ವೆಟರ್ ಹಾಕ್ಕೊಂಡು ಕೂತಿದ್ದೀರಲ್ಲ ಸರ್. ಇದನ್ನೂ ನಾನು ಹೇಳಲಿಲ್ಲ. "ರೌಂಡ್ ಟೇಬಲ್ ಹಾಕ್ಲಿಕ್ಕೆ ಆಗಲ್ಲ, ಕುರ್ಚಿ ನೆಲಕ್ಕೆ ಜಡಿದಾವ" ಅಂದರು. ಅಫಜಲಪುರದಿಂದ, ಜೇವರ್ಗಿಯಿಂದ ಬೆಳಗ್ಗೆ ಅಂಗಡಿ ಬಾಗಿಲು ತೆಗೆದು, ಮಧ್ಯಾಹ್ನ ಮುಚ್ಚಿ, ಬಸ್ ಹಿಡಿದು ಬರೋ ಡೀಲರ್‌ಗಳಿಗೆ ರೌಂಡ್ ಟೇಬಲ್ ಯಾಕೆ? ಅವರಿಗೆ ಬೇಕಾಗಿದ್ದು ಹೊಸ ಸ್ಕೀಮ್ ಏನು, ಮಾರ್ಜಿನ್ ಎಷ್ಟು, ಊಟ ಎಷ್ಟು ಹೊತ್ತಿಗೆ. ಊಟಕ್ಕೆ ಅಂಗಳದಲ್ಲಿ ಶಾಮಿಯಾನ ಹಾಕೋಣ ಅಂದರೆ, "ಮದುವಿ ಮನಿ ಆಗ್ತದ" ಅಂದರು. ಇದನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಹೊಟ್ಟೆ ಉರಿಯೋದು ಯಾವುದಕ್ಕೆ ಗೊತ್ತಾ? ಇದೇ ಸಾಹೇಬರು, ಹೆಡ್ ಆಫೀಸ್‌ನವರು ಹೋದ ವರ್ಷ ಮುಂಬೈನ ರಾಯಲ್ ಒಪೆರಾ ಹೌಸ್‌ನಲ್ಲಿ ಕಾರ್ಯಕ್ರಮ ಮಾಡಿದಾಗ, ಆ ವಿಡಿಯೋನ ಗ್ರೂಪ್‌ನಲ್ಲಿ ಹಾಕಿ "ವಾಹ್! ವಾಟ್ ಎ ವೆನ್ಯೂ ಸರ್" ಅಂತ ಬರೆದಿದ್ದರು. ಜೊತೆಗೆ ಹಾರ್ಟ್, ಚಪ್ಪಾಳೆ, ಬೆಂಕಿ, ಎಲ್ಲ. ಅಲ್ಲೂ ಕುರ್ಚಿ ನೆಲಕ್ಕೆ ಜಡಿದಿವೆ ಸರ್! ಅದೂ ನಾಟಕದ ಮನೆಯೇ. 1911ರಲ್ಲಿ ಐದನೇ ಜಾರ್ಜ್ ಬಂದು ಉದ್ಘಾಟನೆ ಮಾಡಿದ, ಆಗ ಕಟ್ಟಡ ಪೂರ್ತಿ ಮುಗಿದೂ ಇರಲಿಲ್ಲ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಹಾಡಿದ ಸ್ಟೇಜ್, ಪೃಥ್ವಿರಾಜ್ ಕಪೂರ್ ನಾಟಕ ಆಡಿದ ಸ್ಟೇಜ್. ನಡುವೆ ಸಿನಿಮಾ ಟಾಕೀಸೂ ಆಯ್ತು. 1993ರಲ್ಲಿ ಬಾಗಿಲೇ ಮುಚ್ಚಿತ್ತು. ಇಪ್ಪತ್ತಮೂರು ವರ್ಷ ಬೀಗ. ರಿಪೇರಿ ಮಾಡಿಸಿ 2016ರಲ್ಲಿ ಮತ್ತೆ ತೆರೆದರು. ಈಗ ನಮ್ಮ ಎಂಡಿ ಅಲ್ಲಿ ನಿಂತು ಪೈಪ್ ಮಾರಾಟದ ಗುರಿ ಹೇಳಿದರೆ ಎಲ್ಲರಿಗೂ ಮೈ ಜುಮ್ ಅನ್ನುತ್ತೆ. ಅಲ್ಲಿ ನೂರು ವರ್ಷ ಆಗಿದ್ದರೆ ಟಿಕೆಟ್ ತಗೊಂಡು ಹೋಗಿ ಫೋಟೋ ತೆಗೆಸ್ಕೋತಾರೆ. ಇಲ್ಲಿ ಆಗಿದ್ದರೆ "ಸುಣ್ಣ ಯಾವಾಗ ಹೊಡೀತೀರಿ" ಅಂತಾರೆ.

ಮತ್ತೆ ಆ ಮರಾಠಿ ರಂಗಭೂಮಿ ಶುರುವಾಗಿದ್ದು ಹೇಗೆ ಅಂತ ಓದಿ ನೋಡಿ. ಕರ್ನಾಟಕದಿಂದ ಹೋದ ಭಾಗವತ ಮೇಳದ ಆಟ ನೋಡಿ ಸಾಂಗ್ಲಿಯ ರಾಜ ಮೆಚ್ಚಿಕೊಂಡ. ನಮ್ಮಲ್ಲೂ ಇಂಥದ್ದು ಮಾಡು ಅಂತ ವಿಷ್ಣುದಾಸ ಭಾವೆಗೆ ಹೇಳಿದ. 1843ರಲ್ಲಿ ಅವರು ಮೊದಲ ನಾಟಕ ಆಡಿದರು. ಅಂದರೆ ಇಲ್ಲಿಂದ ಹೋದ ಆಟ ಅದು. ಆದರೆ ನಮಗೆ ಈಗ ಅದು ಮುಂಬೈ ಮೂಲಕವೇ ಬರಬೇಕು, ಕುರಿಯರ್ ಚಾರ್ಜ್ ಕೊಟ್ಟು.

ಹೋಗ್ಲಿ. ನನಗೇನು? ಸಂಬಳ ಬರುತ್ತೆ. ಯಾವ ಹಾಲ್ ಆದ್ರೇನು.

ಇಲ್ಲ, ಹೋಗ್ಲಿ ಅನ್ನೋಕೆ ಆಗ್ತಿಲ್ಲ. ಕೇಳಿ.

ಹಾಲ್‌ನಲ್ಲಿ ಹಿಂದಿನ ರಾತ್ರಿ ಮದುವೆ ಇತ್ತು. (ಶಾಮಿಯಾನ ಹಾಕಿದರೆ ಮದುವಿ ಮನಿ ಆಗ್ತದ ಅಂದಿದ್ದರಲ್ಲ?) ನಾವು ಹೋದಾಗ ಸ್ಟೇಜ್ ಮೇಲೆ ಥರ್ಮಾಕೋಲಿನ ಹೃದಯ ಹಾಗೇ ಇತ್ತು, ಸುತ್ತ ಬಾಡಿದ ಚೆಂಡುಹೂವು. ಅದನ್ನು ಕೀಳೋಕೆ ಆಗಲಿಲ್ಲ, ಕಬ್ಬಿಣದ ಚೌಕಟ್ಟಿಗೆ ಬಿಗಿದಿದ್ದರು. ಅದರ ಮೇಲೆ ನಮ್ಮ ಫ್ಲೆಕ್ಸ್ ಹೊದಿಸಿದೆವು. ಫ್ಲೆಕ್ಸ್ ಹಿಂದಿಂದ ಹೃದಯದ ಮೇಲಿನ ಎರಡು ಉಬ್ಬು ಇಣುಕುತ್ತಿದ್ದವು. ಎಂಡಿಯವರನ್ನು ಮದುಮಗನ ಕೆಂಪು ಸೋಫಾದ ಮೇಲೆ ಕೂರಿಸಿದೆವು. ಬೇರೆ ಕುರ್ಚಿ ಇರಲಿಲ್ಲ. ಪಕ್ಕದಲ್ಲಿ ನಮ್ಮ ಸಾಹೇಬರು. ಹೇಗೆ ಕಾಣ್ತಿತ್ತು ಅಂತ ನೀವೇ ಊಹಿಸಿಕೊಳ್ಳಿ.

ನೆಲ ಸಪಾಟು, ನಡುವೆ ಕಂಬಗಳು, ಫಾಲ್ಸ್ ಸೀಲಿಂಗ್ ತಲೆಗೆ ತಾಗೋ ಹಾಗೆ. ಕಂಬದ ಹಿಂದೆ ಕೂತ ಚಿತ್ತಾಪುರದವರಿಗೆ ಪರದೆಯ ಅರ್ಧ ಮಾತ್ರ ಕಂಡಿದ್ದು. ಮೈಕ್ ಕುಂಯ್ ಅಂತ ಕೂಗೋದು ನಿಲ್ಲಲೇ ಇಲ್ಲ. ಅದಕ್ಕೂ ಮೇಲೆ ಊಟ ಅದೇ ಹಾಲ್‌ನಲ್ಲಿ, ಹಿಂದುಗಡೆ. ಎಂಡಿ "ವಿಷನ್" ಅಂತ ಶುರು ಮಾಡುತ್ತಿದ್ದ ಹಾಗೇ ಕೇಟರಿಂಗ್‌ನವರು ಎಣಗಾಯಿ ಪಾತ್ರೆಯ ಮುಚ್ಚಳ ತೆಗೆದರು. ಆ ವಾಸನೆ ಬಂದ ಮೇಲೆ ಯಾರು ವಿಷನ್ ಕೇಳ್ತಾರೆ? ಕೊನೇ ಟೇಬಲ್‌ನವರು ಎದ್ದರು. ಅವರನ್ನು ನೋಡಿ ಅದರ ಮುಂದಿನವರು. ತಟ್ಟೆ ಸದ್ದು, ಕುರ್ಚಿ ಎಳೆಯೋ ಸದ್ದು. ಎಂಡಿ ಮಾತು ನಿಲ್ಲಿಸಿದರು.

ಇಲ್ಲಿಂದ ನಿಧಾನಕ್ಕೆ ಹೇಳ್ತೀನಿ. ನನ್ನ ತಲೆಯಲ್ಲೂ ಇದು ನಿಧಾನಕ್ಕೇ ಓಡ್ತಿದೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. ಸುತ್ತ ನೋಡಿದರು. ಕಂಬ ನೋಡಿದರು. ಹಿಂದೆ ತಿರುಗಿ ಆ ಹೃದಯದ ಉಬ್ಬುಗಳನ್ನೂ ನೋಡಿದರು. ಆಮೇಲೆ ಮೈಕ್‌ನಲ್ಲೇ, ನಗುತ್ತಾ, "ಯಹಾಂ ಕೋಯಿ ಪುರಾನಾ ಥಿಯೇಟರ್ ನಹೀ ಹೈ ಕ್ಯಾ? ಒಪೆರಾ ಹೌಸ್ ಜೈಸಾ?" ಅಂತ ಕೇಳಿದರು. ಇಲ್ಲಿ ಒಪೆರಾ ಹೌಸ್ ಥರ ಹಳೇ ಥಿಯೇಟರ್ ಯಾವುದೂ ಇಲ್ವಾ ಅಂತ. ನನ್ನ ಎದೆ ಹಾರಿತು. ಖುಷಿಗೆ! ಒಂದು ಕ್ಷಣ ಖುಷಿಗೆ! ಸಾಹೇಬರ ಕೈಯಲ್ಲಿ ಇನ್ನೊಂದು ಮೈಕ್ ಇತ್ತು. ಅವರು ಕೂತಲ್ಲಿಂದ ಅರ್ಧ ಎದ್ದು, ಆ ಮೈಕನ್ನೇ ಬೆರಳಿನ ಹಾಗೆ ನನ್ನ ಕಡೆ ಚಾಚಿ, "ಸರ್, ವೆನ್ಯೂ ಹಮಾರೀ ಮೇಡಂ ನೇ ದೇಖಾ ಥಾ" ಅಂದರು. ಹಾಲ್ ನೋಡಿದ್ದು ನಮ್ಮ ಮೇಡಂ ಅಂತ. ಲೈಟ್ ಹುಡುಗನಿಗೆ ಏನು ಅರ್ಥ ಆಯ್ತೋ, ಫೋಕಸ್ ನನ್ನ ಮೇಲೆ ತಿರುಗಿಸಿದ. ಕಣ್ಣು ಕತ್ತಲೆ ಬಂತು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಶಾಲು, ಹಾರ, ಒಂದು ತೆಂಗಿನಕಾಯಿ. ಕಾಯಿ ಉರುಳಿ ಬೀಳದ ಹಾಗೆ ತಟ್ಟೆ ಸಮ ಹಿಡಿಯೋದರಲ್ಲೇ ನನ್ನ ಬುದ್ಧಿಯೆಲ್ಲ ಖರ್ಚಾಯ್ತು. ಎಲ್ಲರೂ ತಿರುಗಿ ನೋಡಿದರು. ಎಂಡಿ "ಅರೇ ಮೇಡಂ!" ಅಂದು ನಕ್ಕರು. ಡೀಲರ್‌ಗಳೂ ನಕ್ಕರು. ಆಗ ನನ್ನ ಬಾಯಿಂದ ಬಂತು ಆ ಸಾರಿ.

ನಗು ಹೇಗೋ ತಡ್ಕೋಬಹುದಿತ್ತು. ಆಳಂದದ ಒಬ್ಬ ಹಿರಿಯ ಡೀಲರ್ ಇದ್ದಾರೆ. ಒಳ್ಳೆಯವರು, ನಾನು ಕಾಕಾ ಅಂತೀನಿ. ಅವರು ರೊಟ್ಟಿ ತಟ್ಟೆ ಹಿಡಿದೇ ಜೋರಾಗಿ ಹೇಳಿದರು: "ಹೋಗ್ಲಿ ಬಿಡ್ರಿ ಸಾಹೇಬ್ರ, ಸಣ್ಣ ಹುಡುಗಿ, ಗೊತ್ತಾಗಿಲ್ಲ ಪಾಪ!" ಕಾಕಾ, ನನಗೆ ಮೂವತ್ತೆಂಟು. ನನ್ನ ಮಗ ಎಂಟನೇ ಕ್ಲಾಸು.

ನನ್ನ ಫೋನ್ ಸೊಂಟದ ಪಕ್ಕದ ಪರ್ಸ್‌ನಲ್ಲೇ ಇತ್ತು. ಅದರಲ್ಲಿ ಆ ಮೇಲ್ ಇತ್ತು. ಥಿಯೇಟರ್ ಫೋಟೋ, ಅಳತೆ, ಬಾಡಿಗೆ ಎಲ್ಲ. ಕೆಳಗೆ ಸಾಹೇಬರ ಉತ್ತರ: "ನಾಟ್ ಸೂಟಬಲ್. ಡ್ರಾಪ್ ಇಟ್." ಮೂರು ಹೆಜ್ಜೆ ಮುಂದೆ ಹೋಗಿ, ಎಂಡಿ ಕೈಗೆ ಫೋನ್ ಕೊಟ್ಟಿದ್ದರೆ ಮುಗೀತಿತ್ತು. ತಟ್ಟೆ ಯಾರ ಕೈಗೆ ಕೊಡಲಿ ಅಂತ ಯೋಚಿಸ್ತಾ ನಿಂತೆ ನಾನು! ನನ್ನ ಶೌರ್ಯ ಎಲ್ಲ ಆಟೋ ಹತ್ತಿದ ಮೇಲೆ. ಜಗತ್ ಸರ್ಕಲ್ ಬರೋದರೊಳಗೆ ಹಿಂದಿಯಲ್ಲಿ, ಕನ್ನಡದಲ್ಲಿ, ಹರಕು ಇಂಗ್ಲಿಷಿನಲ್ಲಿ ಸಾಹೇಬರಿಗೆ ಉತ್ತರ ಕೊಟ್ಟು ಮುಗಿಸಿದ್ದೆ. ಆಟೋದವನು ಕನ್ನಡಿಯಲ್ಲಿ ನೋಡಿ "ಫೋನ್‌ನಾಗ ಮಾತಾಡ್ಲಿಕತ್ತೀರೇನ್ರಿ ಅಕ್ಕಾರ?" ಅಂದ. ಹೌದಪ್ಪ ಅಂದೆ. ಗುಬ್ಬಿ ವೀರಣ್ಣನವರ ಕಂಪನಿ ಸ್ಟೇಜ್ ಮೇಲೆ ನಿಜವಾದ ಆನೆ ಕುದುರೆ ತಂದು ನಿಲ್ಲಿಸ್ತಿತ್ತಂತೆ. ನನಗೆ ಒಂದು ಫೋನ್ ಎತ್ತಿ ತೋರಿಸೋಕೆ ಆಗಲಿಲ್ಲ. ಥಿಯೇಟರ್ ಬೇಕು ಅಂದವಳಿಗೆ ಸ್ಟೇಜ್ ಕೊಟ್ಟು, ಲೈಟ್ ಹಾಕಿ, ಜನ ಕೂರಿಸಿ ಕೊಟ್ಟಾಗ ಡೈಲಾಗೇ ಮರೆತು ಹೋಯ್ತು.

ಸರಿ, ಸಾಹೇಬರ ಕಡೆಯಿಂದಲೂ ನೋಡೋಣ. ಹಳೇ ಕಟ್ಟಡ. ಕರೆಂಟ್ ಹೋಗಬಹುದಿತ್ತು. ಸೂರಿನಲ್ಲಿ ಪಾರಿವಾಳ ಇವೆ, ಎಂಡಿ ಕೋಟಿನ ಮೇಲೆ ಏನಾದರೂ ಬಿದ್ದಿದ್ದರೆ ಆ ಬೈಗುಳವೂ ನನಗೇ. ಪಾರ್ಕಿಂಗ್ ನಿಜವಾಗಲೂ ಕಷ್ಟ. ಅವರು ಬೇಡ ಅಂದಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಬೇಡ ಅನ್ನೋದು ಅವರ ಅಧಿಕಾರ.

ಸುಳ್ಳು ಹೇಳಿದೆ. ಬೇಡ ಅಂದಿದ್ದಕ್ಕೂ ಬೇಜಾರಿದೆ. ಆ ಅಜ್ಜನಿಗೆ ಮುಂದಿನ ವಾರ ಬರ್ತೀವಿ ಅಂದಿದ್ದೆ. ಅವನು ಆಗಲೇ ಹುಡುಗರನ್ನು ಕರೆದು ಕುರ್ಚಿ ಒರೆಸೋಕೆ ಹಚ್ಚಿದ್ದನಂತೆ.

ಇದನ್ನು ಓದೋರಲ್ಲಿ ಇಂಥ ಆಫೀಸಿನ ಮ್ಯಾನೇಜರ್‌ಗಳೂ ಇರ್ತೀರಿ ಅಲ್ವಾ? ಒಬ್ಬರಾದರೂ ಹೇಳಿ. ಕೆಳಗಿನವರು ಹೇಳಿದಾಗ ನಗು ಬರೋ ಮಾತು ಮುಂಬೈನವರು ಹೇಳಿದ ತಕ್ಷಣ ಐಡಿಯಾ ಆಗೋದು ಹೇಗೆ? ಬೀದರ್, ಯಾದಗಿರಿ ಬ್ರಾಂಚ್‌ನವರೂ ಹೇಳಿ, ನಿಮ್ಮಲ್ಲೂ ಹೀಗೇನಾ? ಮೈಕ್ ಚಾಚಿ ಮನುಷ್ಯರನ್ನು ತೋರಿಸೋದನ್ನು ಯಾವ ಟ್ರೇನಿಂಗ್‌ನಲ್ಲಿ ಕಲಿಸ್ತಾರೆ? ಉತ್ತರ ಬೇಕು ನನಗೆ. "ಹಂಗೇ ನಡೀತದ ಬಿಡ್ರಿ ಅಕ್ಕಾರ" ಅನ್ನೋ ಉತ್ತರ ಬೇಡ, ಅದು ನನ್ನ ಗಂಡ ಆಗಲೇ ಕೊಟ್ಟು ಮಲಗಿದ್ದಾರೆ.

ಇದನ್ನು ಬರೀತಾ ಇರೋವಾಗಲೇ ಗ್ರೂಪ್‌ನಲ್ಲಿ ಸಾಹೇಬರ ಮೆಸೇಜ್ ಬಂದಿದೆ. ಎಂಡಿ ಸಾಹೇಬರಿಂದ ಅದ್ಭುತ ಐಡಿಯಾ ಬಂದಿದೆಯಂತೆ. ಮುಂದಿನ ಡೀಲರ್ ಮೀಟ್ ಊರಿನ ಹಳೇ ಥಿಯೇಟರ್‌ನಲ್ಲಿ. ನನ್ನನ್ನು ಟ್ಯಾಗ್ ಮಾಡಿ, ಸೋಮವಾರದೊಳಗೆ ಫೋಟೋ, ಅಳತೆ, ಕೊಟೇಶನ್ ಕಳಿಸಬೇಕು ಅಂದಿದ್ದಾರೆ. ಅಕೌಂಟ್ಸ್‌ನವರು ಆಗಲೇ ಚಪ್ಪಾಳೆ ಹಾಕಿದ್ದಾರೆ.

ಕಳಿಸಲ್ಲ. ಬೇಕಾದರೆ ಅವರೇ ಹೋಗಿ ಟಾಯ್ಲೆಟ್ ಎಣಿಸಲಿ.

ಕಳಿಸ್ತೀನಿ, ಇನ್ನೇನು ಮಾಡಲಿ. ಆದರೆ ಹೊಸದಾಗಿ ಬರೆಯಲ್ಲ. ಹಳೇ ಮೇಲ್‌ಗೇ ಉತ್ತರ ಬರೆದು, ಕೆಳಗೆ "ಡ್ರಾಪ್ ಇಟ್" ಇರೋ ಹಾಗೇ ಬಿಟ್ಟು, ಎಂಡಿಗೂ ಸಿಸಿ ಹಾಕಿ ಕಳಿಸ್ತೀನಿ. ಡ್ರಾಫ್ಟ್ ರೆಡಿ ಇದೆ. ಹಾಕ್ಲಾ ಸಿಸಿ? ಬೆಳಗ್ಗೆ ಆದರೆ ನನಗೆ ಧೈರ್ಯ ಇರಲ್ಲ, ಎದ್ದಿರೋರು ಈಗಲೇ ಹೇಳಿ.