ಹುಮ್ಮಸ್ಸಿಗೆ ಹತ್ತರಲ್ಲಿ ಎಷ್ಟು?

ಬೆಳಗ್ಗೆ ಹನ್ನೊಂದಕ್ಕೆ ಆನ್‌ಲೈನ್ ಸೆಷನ್ ಇತ್ತು. ವಿಷಯ: ‘ಕಳೆದುಹೋದ ಉತ್ಸಾಹ ಮರಳಿ ಪಡೆಯುವುದು ಹೇಗೆ’. ತಿಂಗಳಿಗೊಂದರಂತೆ ಇದು ಐದನೆಯದು. ನನ್ನನ್ನು ಕೆಲಸದಿಂದ ತೆಗೆದ ಕಂಪನಿಯೇ ದುಡ್ಡು ಕೊಟ್ಟು ಏರ್ಪಡಿಸಿದ್ದು. ಪರ್ಸ್ ಕದ್ದವನೇ ಆಟೊ ಹತ್ತಿಸಿ, ಪೊಲೀಸ್ ಸ್ಟೇಷನ್‌ಗೆ ಬಿಡ್ರೀ ಅಂತ ಚಾರ್ಜೂ ಕೊಟ್ಟು ಕಳಿಸಿದ ಹಾಗೆ. ಒಳ್ಳೆಯವರಪ್ಪ, ಸುಮ್ನೆ ದೂರಬಾರದು.

ಪಾಠ ಮಾಡುವ ಹುಡುಗಿಗೆ ಇಪ್ಪತ್ತಾರು ಇರಬಹುದು. ‘ನಿಮ್ಮ ಹುಮ್ಮಸ್ಸಿಗೆ ಹತ್ತರಲ್ಲಿ ಎಷ್ಟು ಮಾರ್ಕ್ಸ್ ಕೊಡ್ತೀರಿ ಸರ್?’ ಅಂದಳು. ಚಾಟ್‌ನಲ್ಲಿ ಏಳು, ಎಂಟು, ಎಂಟೂವರೆ ಸಾಲಾಗಿ ಬಂದವು. ಕೆಲಸ ಹೋದ ಮೂವತ್ತು ಜನ ಕೂತಿದ್ದೇವೆ, ಒಬ್ಬನೂ ಐದಕ್ಕಿಂತ ಕೆಳಗಿಲ್ಲ. ಇಪ್ಪತ್ತು ವರ್ಷ ಅಪ್ರೈಸಲ್‌ನಲ್ಲಿ ನಮಗೆ ನಾವೇ ಮಾರ್ಕ್ಸ್ ಹಾಕಿಕೊಂಡ ಚಟ, ಅಷ್ಟು ಬೇಗ ಹೋಗುತ್ತಾ? ನಾನೂ ಏಳು ಹಾಕಿದೆ.

2025ರ ಜುಲೈನ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ಐಟಿ ಕಂಪನಿ ಟಿಸಿಎಸ್ ಸುಮಾರು 12,000 ಜನರನ್ನು, ಅಂದರೆ ನೂರಕ್ಕೆ ಇಬ್ಬರನ್ನು, ಮನೆಗೆ ಕಳಿಸುತ್ತೇವೆ ಅಂದಿತು. ಎಐ ಕಾರಣ ಅಲ್ಲವಂತೆ. ಕೌಶಲ ಹೊಂದುತ್ತಿಲ್ಲವಂತೆ. ನಾನು ಆ ಕಂಪನಿಯವನಲ್ಲ. ಆದರೆ ನಮ್ಮ ಎಚ್‌ಆರ್ ಬಾಯಲ್ಲೂ ಬಂದಿದ್ದು ಇದೇ ಮಾತು. ಎಂಥ ಮರ್ಯಾದಸ್ಥ ಮಾತು ನೋಡಿ, ಜಾತಕ ಕೂಡಿಬರಲಿಲ್ಲ ಅಂದ ಹಾಗೆ! ಗಂಡಿನದೂ ತಪ್ಪಿಲ್ಲ, ಹೆಣ್ಣಿನದೂ ತಪ್ಪಿಲ್ಲ, ಶನಿಯದು ಸ್ವಲ್ಪ. ಆದರೆ ಮಾರ್ಚ್ 31ರ ತನಕ ಇದೇ ನನ್ನನ್ನು ಎಕ್ಸ್‌ಪರ್ಟ್ ಅಂತ ಹೇಳಿ ಕ್ಲೈಂಟಿಗೆ ಗಂಟೆ ಲೆಕ್ಕದಲ್ಲಿ ಬಿಲ್ ಹಾಕಿದ್ದರಲ್ಲ? ಏಪ್ರಿಲ್‌ನಲ್ಲಿ ಕೌಶಲ ಎಲ್ಲಿಗೆ ಹೋಯಿತು? ಬೇಸಿಗೆ ರಜೆಗೆ ಅಜ್ಜಿ ಮನೆಗಾ?

ಜುಲೈಗೆ ಮುಂಚೆ, ಜೂನ್‌ನಲ್ಲಿ, ಟಿಸಿಎಸ್ ಇನ್ನೊಂದು ನಿಯಮ ತಂದಿತ್ತು. ವರ್ಷದಲ್ಲಿ 225 ದಿನದ ಕೆಲಸ ಕ್ಲೈಂಟಿಗೆ ಬಿಲ್ ಆಗಬೇಕು, ಬೆಂಚಿನ ಮೇಲೆ, ಅಂದರೆ ಪ್ರಾಜೆಕ್ಟ್ ಇಲ್ಲದೆ ಖಾಲಿ, 35 ದಿನಕ್ಕಿಂತ ಜಾಸ್ತಿ ಇರಬಾರದು. ಬೆಂಚು ಅಂದಾಗಲೆಲ್ಲ ನನಗೆ ನಮ್ಮೂರ ಶಾಲೆ ನೆನಪಾಗುತ್ತೆ. ಹಿಂದಿನ ಬೆಂಚು ಸಿಗಲಿ ಅಂತ ಜಗಳ ಆಡ್ತಿದ್ದೆವು. ತಪ್ಪು ಮಾಡಿದರೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸ್ತಿದ್ದರು, ಒಂದು ಪೀರಿಯಡ್ ನಿಂತರೆ ಶಿಕ್ಷೆ ಮುಗೀತು. ಅಲ್ಲಿಂದ ಇಳಿದವನನ್ನು ಶಾಲೆಯಿಂದ ಓಡಿಸ್ತಿರಲಿಲ್ಲ. ಲಾಲ್‌ಬಾಗ್ ಬೆಂಚಂತೂ ಇನ್ನೂ ಉದಾರಿ. ಬೆಳಗ್ಗೆ ಹತ್ತಕ್ಕೆ ಹೋಗಿ ಕೂತರೆ ಬಿಲ್ಲಬಲ್ಲಾ ಅಂತ ಯಾರೂ ಕೇಳಲ್ಲ. ಈಚೆಗೆ ಅಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಇಟ್ಟುಕೊಂಡ ನನ್ನ ವಯಸ್ಸಿನವರು ಜಾಸ್ತಿ ಕಾಣ್ತಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲ ಅನ್ನೋದು ಅವರ ಇಸ್ತ್ರಿ ಮಾಡಿದ ಶರ್ಟ್ ನೋಡಿದರೆ ಗೊತ್ತಾಗುತ್ತೆ. ನಾವು ಪರಸ್ಪರ ನೋಡಿ ನಗಲ್ಲ. ಕಡಲೆಕಾಯಿ ಮಾರುವವನಿಗೆ ಮಾತ್ರ ಎಲ್ಲರ ನೋಟೀಸ್ ಪೀರಿಯಡ್ಡೂ ಗೊತ್ತು.

ಅಮೆರಿಕದಲ್ಲಿ ಒಂದು ಕಾಲಕ್ಕೆ ಕೆಲಸ ಭಾರತಕ್ಕೆ ಹೋಗಿ ಬೀದಿಪಾಲಾದವರನ್ನು ‘ಬ್ಯಾಂಗಲೋರ್ಡ್’ ಅಂತಿದ್ದರು. ಊರಿನ ಹೆಸರು ಬೈಗುಳ ಆಗಿದ್ದಕ್ಕೆ ನಾವು ಎಷ್ಟು ಬೀಗಿದ್ದೆವು! 2005ರಲ್ಲಿ ನಾನು ಓಹಾಯೋಗೆ ಕೆಟಿ, ಅಂದರೆ ಬೇರೆಯವರ ಕೆಲಸ ಕಲಿತು ವಹಿಸಿಕೊಳ್ಳೋ ಪಾಠ, ತಗೊಳ್ಳೋಕೆ ಹೋಗಿದ್ದೆ. ಕೊಡುವವನಿಗೆ ಅರವತ್ತರ ಹತ್ತಿರ. ಆರು ವಾರ ಪಕ್ಕದಲ್ಲಿ ಕೂರಿಸಿಕೊಂಡು, ಪೆನ್ಸಿಲ್‌ನಲ್ಲಿ ಚಿತ್ರ ಬರೆದು ತನ್ನ ಕೋಬಾಲ್ ಪ್ರೋಗ್ರಾಮುಗಳನ್ನು ತೋರಿಸಿದ. ನಾನು ಕಲಿತ ದಿನ ಅವನ ಕೆಲಸ ಮುಗಿಯುತ್ತೆ ಅಂತ ಇಬ್ಬರಿಗೂ ಗೊತ್ತಿತ್ತು. ಹತ್ತು ವರ್ಷ ಆದ ಮೇಲೆ, 2015ರಲ್ಲಿ, ಫ್ಲಾರಿಡಾದ ಡಿಸ್ನಿಯಲ್ಲಿ ಸುಮಾರು 250 ಜನರನ್ನು ತೆಗೆದು, ಕೆಲವರ ಕೈಲಿ ಬದಲಿಗೆ ಬಂದ ನಮ್ಮವರಿಗೇ ಪಾಠ ಹೇಳಿಸಿದ ಸುದ್ದಿ ಬಂತು. ಆಗ ನಾನು ಪೇಪರ್ ಮಡಚಿಟ್ಟು ಉಪ್ಪಿಟ್ಟು ತಿಂದೆ. ಕೊತ್ತಂಬರಿ ಕಡಿಮೆ ಆಗಿದೆ ಅಂತ ಹೆಂಡತಿಗೆ ಹೇಳಿದ್ದೂ ನೆನಪಿದೆ.

2014ರ ನವೆಂಬರ್ 1ಕ್ಕೆ ಬ್ಯಾಂಗಲೋರ್ ಸರ್ಕಾರಿ ಲೆಕ್ಕದಲ್ಲೂ ಬೆಂಗಳೂರು ಆಯಿತಲ್ಲ, ಹಾಗಾಗಿ ನಾನು ಬೆಂಗಳೂರ್ಡ್. ನನ್ನ ಕೆಲಸ ಅರ್ಧ ಪೋಲೆಂಡಿಗೆ ಹೋಯಿತು, ಅರ್ಧ ಯಂತ್ರಕ್ಕೆ. ಕೆಟಿ ತಗೊಳ್ಳೋಕೆ ಪಕ್ಕದಲ್ಲಿ ಯಾರೂ ಬಂದು ಕೂರಲಿಲ್ಲ. ಸ್ಕ್ರೀನ್‌ನಲ್ಲಿ ಕ್ಯಾಮೆರಾ ಆಫ್ ಮಾಡಿದ ಇಬ್ಬರು ಹುಡುಗರು, ಜೊತೆಗೆ ನೋಟ್ಸ್ ಬರೆದುಕೊಳ್ಳುವ ಒಂದು ಬಾಟ್. ನನ್ನ ಹನ್ನೊಂದು ವರ್ಷವನ್ನು ಅದು ಐದು ಸಾಲಿನಲ್ಲಿ ಮುಗಿಸಿತು. ಮೂರನೆಯ ಸಾಲು: ‘ಮೂರನೇ ಮಹಡಿಯ ಕಾಫಿ ಮಷಿನ್ ಕೆಟ್ಟರೆ ಇಡೀ ಸಿಸ್ಟಮ್ ನಿಲ್ಲುತ್ತದೆ.’ ಅದು ನಾನು ಮಾಡಿದ ಜೋಕು. ಪೋಲೆಂಡಿನವರು ಅದನ್ನು ರಿಸ್ಕ್ ಪಟ್ಟಿಗೆ ಸೇರಿಸಿ ನನಗೆ ಎರಡು ಸಲ ಮೇಲ್ ಹಾಕಿದರು. ನಾನೂ ತಿದ್ದಲಿಲ್ಲ. ನನ್ನ ಹೆಸರಲ್ಲಿ ಅಲ್ಲಿ ಉಳಿದಿರೋದು ಅದೊಂದೇ.

ಸೆಷನ್‌ನಲ್ಲಿ ಮುಂದಿನ ಸ್ಲೈಡ್ ಬಂತು: ‘ಕಲಿಯುವ ಹಸಿವು’. ಹಸಿವಂತೆ! ನನಗೆ 44. ಮನೆ ಸಾಲದ ಕಂತು ಇನ್ನೂ ಒಂಬತ್ತು ವರ್ಷ ಇದೆ. ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಡ್ತಿದ್ದೇನೆ ಅಂತ ಬರೆಸಿಕೊಂಡರು. ಬರೆಯದಿದ್ದರೆ ರಿಲೀವಿಂಗ್ ಲೆಟರ್ ಇಲ್ಲ ಅಂದರು. ಕಾನೂನು ಅಂತ ಒಂದಿರುತ್ತಲ್ಲ ಅಂದುಕೊಂಡೆ. ನೌಕರರನ್ನು ಇಟ್ಟುಕೊಳ್ಳೋದು, ತೆಗೆಯೋದು ಹೇಗೆ ಅಂತ ಬರೆದಿಡಿ ಅನ್ನುತ್ತಿದ್ದ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ನಮ್ಮ ರಾಜ್ಯ ಐಟಿ ಕಂಪನಿಗಳಿಗೆ ವಿನಾಯಿತಿ ಕೊಟ್ಟಿತ್ತು. ಐಟಿ ನೌಕರರ ಸಂಘ ಬೇಡ ಬೇಡ ಅಂದರೂ 2024ರ ಜೂನ್‌ನಲ್ಲಿ ಅದನ್ನು ಇನ್ನೂ ಐದು ವರ್ಷ ಎಳೆಯಿತು. ಮುಂದಿನ ತಿಂಗಳೇ ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾಪ ಬಂತು. ಒಬ್ಬನಿಗೆ 14 ಗಂಟೆ, ಪಕ್ಕದವನಿಗೆ ಸೊನ್ನೆ. ಸರಾಸರಿ ಏಳು, ಲೆಕ್ಕ ಸರಿಯಾಗಿಯೇ ಇದೆ. ನನಗೆ ಹುಮ್ಮಸ್ಸು ಬೇಡ ತಾಯಿ, ಸಂಬಳ ಬೇಕು. ಹುಮ್ಮಸ್ಸು ಇದ್ದಾಗ ಭಾನುವಾರ ರಾತ್ರಿ ಎರಡಕ್ಕೆ ಎದ್ದು ಸರ್ವರ್ ನೋಡಿದ್ದೇನೆ, ಮಗಳ ನಾಮಕರಣದ ದಿನ ಕೋಣೆ ಬಾಗಿಲು ಹಾಕಿಕೊಂಡು ಕಾಲ್‌ನಲ್ಲಿ ಕೂತಿದ್ದೇನೆ. ಅದನ್ನೆಲ್ಲ ಖರ್ಚು ಮಾಡಿದ್ದು ನೀವು. ಈಗ ಎಲ್ಲಿ ಹೋಯಿತು ಅಂತ ನನ್ನನ್ನೇ ಕೇಳ್ತೀರಲ್ಲ!

ಇದನ್ನು ಬಾಯಿಬಿಟ್ಟು ಹೇಳಲಿಲ್ಲ ಅನ್ನಿ. ಮ್ಯೂಟ್‌ನಲ್ಲಿದ್ದೆ. ಪಾಪ, ಆ ಹುಡುಗಿಯೂ ಕಾಂಟ್ರಾಕ್ಟ್ ಮೇಲೆ ಇರೋದಂತೆ.

ಕೊನೆಗೆ ಹೋಮ್‌ವರ್ಕ್ ಕೊಟ್ಟಳು. ಲಿಂಕ್ಡ್‌ಇನ್ ಫೋಟೊಗೆ ‘ಕೆಲಸಕ್ಕೆ ಸಿದ್ಧ’ ಅನ್ನುವ ಹಸಿರು ಉಂಗುರ ಹಾಕಬೇಕು, ನಗ್ತಾ ಇರಬೇಕು. ಹಾಕಿದೆ. ಮಧ್ಯಾಹ್ನ ಹಾಸನದಿಂದ ಬಂದಿದ್ದ ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ನನ್ನ ಫೋನ್ ನೋಡಿದರು.

‘ಇದೇನೋ, ಮುಖದ ಸುತ್ತ ಸೀಮಂತಕ್ಕೆ ಹಾಕ್ದಂಗೆ ಹಸಿರು ಬಳೆ?’

‘ಕೆಲಸ ಇಲ್ಲದವರು ಹಾಕ್ಕೊಳ್ಳೋದು ದೊಡ್ಡಮ್ಮ.’

‘ಹೌದಾ? ಈಗ ಎಷ್ಟು ತಿಂಗಳು?’

‘ಐದು.’